ಭಜ್ಜಿಗೆ ಬೇಕಾದ್ದು ಹೊಲದಾಗ ಎಷ್ಟದ?

(ಎಳ್ಳ ಅಮಾವಾಸ್ಯೆಗೆ ಮುಂಚೆ ಆಳಂದ ತಾಲ್ಲೂಕಿನ ಒಂದು ಊರಿನಲ್ಲಿ, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮತ್ತು ರೈತರು ಕೂಡಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತು ಮುಗಿದ ಮೇಲೆ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದೆ.)

ಅವ್ವಂದಿರೇ, ಅಕ್ಕಂದಿರೇ, ಅಣ್ಣತಮ್ಮಂದಿರೇ,

ಅಮಾವಾಸ್ಯೆ ಹತ್ತಿರ ಬಂತು. ಇನ್ನೇನು ನಿಮ್ಮ ಮನೆಗಳಲ್ಲಿ ಸಜ್ಜೆ ಹಸನು ಮಾಡುವುದು, ಎಳ್ಳು ಹುರಿಯುವುದು, ಪಲ್ಯ ಅಂದರೆ ಸೊಪ್ಪು ಸೋಸುವುದು ಶುರುವಾಗುತ್ತದೆ. ಆ ದಿನ ಕಲಬುರಗಿ, ಬೀದರ್ ಪೇಟೆಗಳಲ್ಲಿ ಅಂಗಡಿ ಮುಚ್ಚಿ ಮಂದಿಯೆಲ್ಲ ಹೊಲದ ದಾರಿ ಹಿಡಿಯುತ್ತಾರೆ. ಹೊಲ ಇದ್ದವರು ಇಲ್ಲದವರನ್ನು ಕರೆಯುತ್ತಾರೆ. ಬಂಡಿ ದಾರಿಯಲ್ಲಿ ಗುರುತಿಲ್ಲದವರು ಹೊರಟಿದ್ದರೂ 'ಬರ್ರಿ, ಒಂದು ತುತ್ತು ಉಂಡು ಹೋಗ್ರಿ' ಅನ್ನುತ್ತಾರೆ. ಜೋಳದ ದಂಟಿನ ಕೊಂಪಿ ಕಟ್ಟಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಬೆಳೆಯ ಸುತ್ತ ಚರಗ, ಅಂದರೆ ಹಬ್ಬದ ಅಡುಗೆಯ ಎಡೆ ಚೆಲ್ಲಿ, ಆಮೇಲೆ ಎಲ್ಲರೂ ಕೂತು ಉಣ್ಣುವುದು. ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ನಾನು ಕೇಳಲು ಬಂದದ್ದು ಬೇರೆ. ಈ ಸಲ ನಿಮ್ಮ ಮನೆಯಲ್ಲಿ ಆಗುವ ಭಜ್ಜಿಗೆ ಬೇಕಾದ್ದರಲ್ಲಿ ಎಷ್ಟು ನಿಮ್ಮ ಹೊಲದಿಂದ ಬರುತ್ತದೆ, ಎಷ್ಟು ಸಂತೆಯಿಂದ ಬರುತ್ತದೆ?

ಹಬ್ಬಕ್ಕೆ ಹಸಿ ಕಾಳು, ಸೊಪ್ಪು ಕೂಡಿಸಿ ಬೇಯಿಸುವ ಈ ಭಜ್ಜಿ ಒಂದು ಪಲ್ಯದಿಂದ ಆಗುವ ಅಡುಗೆ ಅಲ್ಲ. ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಮೆಂತ್ಯೆ, ಪುಂಡಿ ಪಲ್ಯ, ಕಡಲೆಯ ಎಳೆ ಎಲೆ, ಉಳ್ಳಾಗಡ್ಡಿ ತಪ್ಪಲು, ಬದನೆಕಾಯಿ, ಹುಣಸೆ ಹುಳಿ, ಕಡಲೆ ಹಿಟ್ಟು. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಹೆಚ್ಚು, ಒಂದೊಂದು ಕಡಿಮೆ. ಜೊತೆಗೆ ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಮಜ್ಜಿಗೆ ಹಾಕಿದ ಜೋಳದ ಅಂಬಲಿ. ಯಾರೋ ಹಿರಿಯರು ಕೂತು ರುಚಿಗೆಂದು ಈ ಪಟ್ಟಿ ಮಾಡಿದ್ದಲ್ಲ. ಡಿಸೆಂಬರ್ ಕೊನೆ, ಜನವರಿ ಮೊದಲ ವಾರದಲ್ಲಿ ನಮ್ಮ ಕರಿ ಮಣ್ಣಿನ ಹೊಲದಲ್ಲಿ ನಿಂತು ಕೈ ಚಾಚಿದರೆ ಸಿಗುತ್ತಿದ್ದದ್ದೇ ಇಷ್ಟು. ತೊಗರಿ ಕಾಯಿ ತುಂಬಿರುತ್ತದೆ, ಒಣಗಿರುವುದಿಲ್ಲ. ಹಿಂಗಾರಿ ಜೋಳ ತೆನೆ ಹಾಕುತ್ತಿರುತ್ತದೆ. ಕಡಲೆ ಚಿಗುರಿರುತ್ತದೆ. ಮುಂಗಾರಿನ ಸಜ್ಜೆ, ಶೇಂಗಾ, ಎಳ್ಳು ಮನೆ ಸೇರಿರುತ್ತವೆ. ಆ ಹೊತ್ತಿನ ಹೊಲವನ್ನೇ ಹಿರಿಯರು ಒಂದು ಗಡಿಗೆಯಲ್ಲಿ ಬೇಯಿಸಿದರು.

ಇವತ್ತು ಅನೇಕ ಮನೆಗಳಲ್ಲಿ ಹೊಲದಿಂದ ಬರುವುದು ಹಸಿ ತೊಗರಿಕಾಯಿ ಮಾತ್ರ. ಉಳಿದದ್ದಕ್ಕೆ ಸಂತೆಗೆ ಚೀಲ ಹಿಡಿದು ಹೋಗಬೇಕು. ಮೆಂತ್ಯೆ ಎಲ್ಲಿಂದಲೋ, ಎಣ್ಣೆ ಪಾಕೀಟಿನಲ್ಲಿ, ಸಜ್ಜೆ ಅಂಗಡಿಯಿಂದ. ಹಬ್ಬ ನಿಂತಿಲ್ಲ, ನಿಲ್ಲುವುದೂ ಇಲ್ಲ. ಆದರೆ ಹೊಲದಲ್ಲಿ ಕೂತು ಸಂತೆಯದನ್ನು ಉಣ್ಣುವ ಹಾಗಾಗಿದೆ. ನನ್ನ ಸಂಕಟ ಇರುವುದು ಇಲ್ಲಿ.

ಹಿಂದಿನ ಹೊಲ ಹೇಗಿತ್ತು ಅನ್ನುವುದು ಇಲ್ಲಿ ಕೂತಿರುವ ಹಿರಿಯರಿಗೆ ಗೊತ್ತು, ಹುಡುಗರಿಗಾಗಿ ಹೇಳುತ್ತೇನೆ. ಮುಂಗಾರಿಗೆ ತೊಗರಿಯ ಸಾಲಿನ ನಡುವೆ ಹೆಸರು ಇಲ್ಲವೇ ಉದ್ದು ಬರುತ್ತಿತ್ತು. ಹೆಸರು ಅರವತ್ತೈದು, ಎಪ್ಪತ್ತು ದಿನದ ಬೆಳೆ. ತೊಗರಿ ಐದಾರು ತಿಂಗಳದ್ದು, ಮೊದಮೊದಲು ನಿಧಾನ ಬೆಳೆಯುತ್ತದೆ. ತೊಗರಿ ರೆಂಬೆ ಚಾಚುವ ಹೊತ್ತಿಗೆ ಹೆಸರು ಬಿಡಿಸಿ ಮುಗಿದಿರುತ್ತಿತ್ತು. ಮಳೆಗಾಲದ ನಡುವೆ ಕೈಯಲ್ಲಿ ನಾಲ್ಕು ಕಾಸು, ಮನೆಯಲ್ಲಿ ಹೊಸ ಬೇಳೆ. ಕೆಲವರು ತೊಗರಿಯೊಳಗೆ ಸಜ್ಜೆ ಹಾಕುತ್ತಿದ್ದರು. ಹಿಂಗಾರಿಗೆ ಬಿಳಿಜೋಳ ಬಿತ್ತಿದರೆ ನಡುನಡುವೆ ಕುಸುಬೆಯ ಅಕ್ಕಡಿ ಸಾಲು, ಅಂದರೆ ಮಿಶ್ರ ಬೆಳೆಯ ಸಾಲು. ಹೊಲದ ಅಂಚಿಗೂ ಕುಸುಬೆಯೇ, ಮುಳ್ಳಿಗೆ ಅಂಜಿ ದನ ಒಳಗೆ ಬರುವುದಿಲ್ಲ. ಕುಸುಬೆಯಿಂದ ಎರಡು ಉಪಕಾರ: ಎಳೆಯದಿದ್ದಾಗ ಪಲ್ಯ, ಬಲಿತ ಮೇಲೆ ಗಾಣದ ಎಣ್ಣೆ. ಬದುವಿನ ಮೇಲೆ ಪುಂಡಿ. ಒಂದು ಮೂಲೆಯಲ್ಲಿ ಅಗಸಿ, ಗುರೆಳ್ಳು. ಆ ಮೂಲೆ ಇದ್ದರೇನೇ ರೊಟ್ಟಿಗೆ ಹಿಂಡಿ, ಅಂದರೆ ಚಟ್ನಿಪುಡಿ.

ಕಡಲೆ ಹೊಲದ ಒಂದು ವಿಷಯ ಬಿಟ್ಟು ಮುಂದೆ ಹೋಗಲು ಮನಸ್ಸಾಗದು. ಕಡಲೆ ಎಲೆಯ ಮೇಲಿನ ಸಣ್ಣ ಕೂದಲುಗಳಿಂದ ಹುಳಿ ಒಸರುತ್ತದೆ, ಇಬ್ಬನಿಯಲ್ಲಿ ಕೂಡುತ್ತದೆ. ನಸುಕಿನಲ್ಲಿ ಹೆಣ್ಣುಮಕ್ಕಳು ತೆಳು ಬಟ್ಟೆಯನ್ನು ಗಿಡಗಳ ಮೇಲೆ ಎಳೆದು, ಹಿಂಡಿ, ಆ ಹುಳಿಯನ್ನು ಇಟ್ಟುಕೊಳ್ಳುತ್ತಿದ್ದರು. ಹೊಟ್ಟೆನೋವಿಗೂ ಅದೇ, ಸಾರಿಗೂ ಅದೇ. ಕಡಲೆಯ ತುದಿ ಚಿವುಟಿದರೆ ಗಿಡ ಕವಲೊಡೆದು ಕಾಯಿ ಹೆಚ್ಚುತ್ತದೆ, ಚಿವುಟಿದ್ದು ಪಲ್ಯಕ್ಕೆ, ಉಳಿದದ್ದನ್ನು ಒಣಗಿಸಿ ಬೇಸಿಗೆಗೆ. ಹೊಲಕ್ಕೂ ಒಳ್ಳೆಯದು, ಒಲೆಗೂ ಒಳ್ಳೆಯದು ಆಗುವ ಇಂಥ ಕೆಲಸಗಳು ಎಷ್ಟೋ ಇದ್ದವು. ಇವು ಯಾವ ಇಲಾಖೆಯ ಕೈಪಿಡಿಯಿಂದ ಬಂದವಲ್ಲ.

ಆಮೇಲೆ ತೊಗರಿ ಒಂದೇ ಹೊಲ ತುಂಬಿತು. ತೊಗರಿಯನ್ನು ಬೈಯಲು ನಾನು ಬಂದಿಲ್ಲ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಅದು ನಮ್ಮ ಮಣ್ಣಿಗೆ ಸಿಕ್ಕ ಮರ್ಯಾದೆ. ಕೇಂದ್ರದ ಬೆಂಬಲ ಬೆಲೆ 2024–25ಕ್ಕೆ ಕ್ವಿಂಟಲಿಗೆ 7,550 ರೂಪಾಯಿ ಇದ್ದದ್ದು 2025–26ಕ್ಕೆ 8,000 ಆಯಿತು. ಅದೇ ವರ್ಷ ಮಾಲದಂಡಿ ತಳಿಯ ಜೋಳಕ್ಕೆ 3,749. ಯಾರೇ ಆಗಲಿ ಲೆಕ್ಕ ಹಾಕಿ ತೊಗರಿ ಕಡೆ ವಾಲುತ್ತಾರೆ, ವಾಲಿದ್ದು ತಪ್ಪಲ್ಲ. ಬೀದರಿನಲ್ಲಿ ಇದೇ ಲೆಕ್ಕದಿಂದ ಉದ್ದು, ಹೆಸರು, ಮುಂಗಾರು ಜೋಳದ ಜಾಗಕ್ಕೆ ಸೋಯಾ ಬಂತು. ಯಾದಗಿರಿಯ ಶಹಾಪುರ, ಸುರಪುರ ಕಡೆ ನಾರಾಯಣಪುರದ ಕಾಲುವೆ ನೀರು ಬಂದು ಭತ್ತ, ಹತ್ತಿ ಬಂದವು. ಸೋಯಾ ಬೆಳೆದವರ ಮನೆಯಲ್ಲಿ ಸೋಯಾ ಬೇಯುವುದಿಲ್ಲ. ಬೆಳೆದದ್ದರಲ್ಲಿ ಒಂದು ಹಿಡಿಯನ್ನೂ ಗಡಿಗೆಗೆ ಹಾಕಲಾಗದ ಬೆಳೆ ಹೊಲ ತುಂಬಾ ನಿಂತರೆ, ಮಾರುಕಟ್ಟೆ ಕುಸಿದ ವರ್ಷ ಮನೆಯಲ್ಲಿ ಏನು ಉಳಿಯುತ್ತದೆ?

ತೊಗರಿಯ ಮೇಲೆ ತೊಗರಿ ಬಿತ್ತಿದ್ದಕ್ಕೆ ಮಣ್ಣು ಕೊಟ್ಟ ಉತ್ತರ ನೆಟೆ ರೋಗ. 2022ರ ಬೆಳೆಯಲ್ಲಿ ಕಾಯಿ ಕಟ್ಟುವ ಹೊತ್ತಿಗೆ ಗಿಡಗಳು ನಿಂತಲ್ಲೇ ಒಣಗಿದ್ದನ್ನು ಈ ಜಿಲ್ಲೆಯ ಯಾವ ರೈತನೂ ಮರೆತಿಲ್ಲ. ಆ ಶಿಲೀಂಧ್ರ ಬೇರಿನ ಮೂಲಕ ಒಳಗೆ ಹೋಗಿ ನೀರು ಏರುವ ದಾರಿ ಕಟ್ಟುತ್ತದೆ. ಗಿಡ ಸತ್ತ ಮೇಲೂ ಮಣ್ಣಿನಲ್ಲಿ, ಬೇರಿನ ಚೂರುಗಳಲ್ಲಿ ವರ್ಷಗಟ್ಟಲೆ ಕಾದಿರುತ್ತದೆ. ಜೋಳ ಅದಕ್ಕೆ ಆಹಾರವಲ್ಲ. ಜೋಳದ ಜೊತೆ ತೊಗರಿ ಬೆಳೆದಾಗ, ಇಲ್ಲವೇ ಜೋಳ ಬೆಳೆದ ಹೊಲಕ್ಕೆ ಮಾರನೆಯ ವರ್ಷ ತೊಗರಿ ಬಂದಾಗ ನೆಟೆ ಕಡಿಮೆಯಾಗುತ್ತದೆ ಎಂಬುದನ್ನು ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿರುವ, ಒಣ ಬೇಸಾಯದ ಬೆಳೆಗಳ ಸಂಶೋಧನೆ ಮಾಡುವ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಪ್ರಯೋಗ ಮಾಡಿ ತೋರಿಸಿದ್ದಾರೆ. ರೊಟ್ಟಿಗೆ ಬೇಕೆಂದು ಹಾಕುತ್ತಿದ್ದ ಜೋಳವೇ ತೊಗರಿಯನ್ನೂ ಕಾಯುತ್ತಿತ್ತು. ತಟ್ಟೆಯಲ್ಲಿಯೂ ಅವೆರಡಕ್ಕೆ ಜೋಡಿ ಬೇಕು: ಜೋಳದ ಪ್ರೋಟೀನಿನಲ್ಲಿ ಕಡಿಮೆ ಇರುವುದನ್ನು ಬೇಳೆ ತುಂಬುತ್ತದೆ, ಬೇಳೆಯಲ್ಲಿ ಕಡಿಮೆ ಇರುವುದನ್ನು ಜೋಳ ತುಂಬುತ್ತದೆ.

ಜೋಳ ಹೋದರೆ ರೊಟ್ಟಿ ಒಂದೇ ಹೋಗುವುದಿಲ್ಲ. ಜೋಳ ಹೋದರೆ ಕಣಿಕೆ, ಅಂದರೆ ದನಕ್ಕೆ ಮೇವಾಗುವ ಒಣ ದಂಟು ಹೋಯಿತು. ಕಣಿಕೆಯ ಬಣವೆ ಇಲ್ಲದ ಮನೆಯಲ್ಲಿ ದನ ನಿಲ್ಲುವುದಿಲ್ಲ. ದನ ಹೋದರೆ ತಿಪ್ಪೆಗೊಬ್ಬರ ಹೋಯಿತು, ಮಜ್ಜಿಗೆ ಹೋಯಿತು. ಮಜ್ಜಿಗೆ ಇಲ್ಲದೆ ಅಂಬಲಿ ಎಲ್ಲಿಂದ ಬರಬೇಕು? 'ಜೋಳ ತಿಂದಾಂವ ತೋಳ, ಅಕ್ಕಿ ತಿಂದಾಂವ ಹಕ್ಕಿ' ಅಂತ ಗಾದೆ ಹೇಳಿಕೊಂಡು ಬಂದ ಸೀಮೆಯಲ್ಲಿ ಇವತ್ತು ಹೊತ್ತು ಹೊತ್ತಿಗೂ ಪಡಿತರದ ಅಕ್ಕಿಯ ಅನ್ನ. ಆ ಅಕ್ಕಿ ಹಸಿವು ಹಿಂಗಿಸಿದೆ, ಗುಳೆ ಹೋಗಿ ಬಂದ ಮನೆಗಳಿಗೆ ಆಸರೆಯಾಗಿದೆ. ಅದರ ಬಗ್ಗೆ ಹಗುರಾಗಿ ಮಾತಾಡುವ ಹೊಟ್ಟೆ ತುಂಬಿದವರ ಜೊತೆ ನಾನಿಲ್ಲ. ಆದರೆ ಅನ್ನದ ಪಕ್ಕ ತಟ್ಟೆಯಲ್ಲಿ ಪಲ್ಯ, ಬೇಳೆ, ಹಿಂಡಿ ಇಲ್ಲದೆ ಬರೀ ಸಾರು ನೀರು ಇದ್ದರೆ ಬಸುರಿ ಹೆಂಗಸಿಗೂ ಮಗುವಿಗೂ ಅದು ಸಾಲದು.

ಇನ್ನು ಪಲ್ಯದ ಮಾತು. ಇದನ್ನು ಸ್ವಲ್ಪ ಹೆಚ್ಚು ಹೊತ್ತು ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೊಲದಲ್ಲಿ ಬಿತ್ತದೆ ಬರುವ ಪಲ್ಯಗಳು ಎಷ್ಟಿದ್ದವು! ಹತ್ತರಕಿ, ಗೋಳಿ, ತಗಚಿ, ಕಿರಕಸಾಲಿ, ರಾಜಗಿರಿಯ ಕಾಡು ಜಾತಿಗಳು. ರೈತ ಇವನ್ನು ಕಸ ಅಂದ. ಆದರೆ ಕಸ ತೆಗೆಯಲು ಹೋದ ಕೂಲಿ ಹೆಣ್ಣುಮಕ್ಕಳು ಸಂಜೆಗೆ ಉಡಿಯಲ್ಲಿ ಅದನ್ನೇ ಕಟ್ಟಿಕೊಂಡು ಬರುತ್ತಿದ್ದರು. ಅವರಿಗೆ ಹೊಲ ಇರಲಿಲ್ಲ, ಸಂತೆಗೆ ರೊಕ್ಕ ಇರಲಿಲ್ಲ, ಆದರೂ ಮಳೆಗಾಲದ ತುಂಬಾ ಮನೆಯಲ್ಲಿ ಪಲ್ಯ ಇರುತ್ತಿತ್ತು. ಸುಗ್ಗಿ ಮುಗಿದ ಹೊಲದಲ್ಲಿ ಹಕ್ಕಲು ಆರಿಸಿದರೆ ಒಂದಿಷ್ಟು ತೆನೆ, ಒಂದಿಷ್ಟು ಕಾಯಿ ಕೂಡುತ್ತಿತ್ತು. ಬಡವರ ಪಾಲು ಹೀಗೆ ಕೇಳದೆಯೇ ಬರುತ್ತಿತ್ತು, ಯಾರ ಮುಂದೆ ಕೈ ಚಾಚುವಂತಿರಲಿಲ್ಲ.

ಈಗ ಕಸಕ್ಕೆ ಎಣ್ಣೆ, ಅಂದರೆ ಕಳೆನಾಶಕ ಹೊಡೆಯುತ್ತಾರೆ. ಸೋಯಾ, ತೊಗರಿ ಸಾಲುಗಳ ನಡುವೆ ಅಗಲ ಎಲೆಯದ್ದೆಲ್ಲ ಸುಟ್ಟು ಹೋಗುತ್ತದೆ. ಆಳು ಸಿಗುವುದಿಲ್ಲ, ಕೂಲಿ ಏರಿದೆ, ಮಳೆ ಹಿಡಿದರೆ ಎಡೆ ಹೊಡೆಯಲಾಗುವುದಿಲ್ಲ. ರೈತನ ಕಷ್ಟ ನನಗೆ ತಿಳಿಯುತ್ತದೆ. ಆದರೆ ಆ ಒಂದು ಸಿಂಪಡಣೆಯಿಂದ ಕೂಲಿ ಹೆಂಗಸಿಗೆ ಎರಡು ನಷ್ಟ ಒಂದೇ ಸಲ ಆಗುತ್ತದೆ: ಕಸ ತೆಗೆಯುವ ಕೂಲಿ ಹೋಯಿತು, ಉಡಿಯ ಪಲ್ಯವೂ ಹೋಯಿತು. ಕೊಯ್ಯುವ ಯಂತ್ರ ಬಂದಲ್ಲಿ ಹಕ್ಕಲೂ ಹೋಯಿತು. ಊರಿನ ಊಟದಿಂದ ಇದು ಸದ್ದಿಲ್ಲದೆ ಕಳೆದುಹೋದ ಪಾಲು. ಯಾವ ಸರ್ಕಾರಿ ಕಾಗದದಲ್ಲೂ ಇದರ ಲೆಕ್ಕ ಇಲ್ಲ, ಯಾಕೆಂದರೆ ಇದು ಯಾವತ್ತೂ ಮಾರಾಟಕ್ಕೆ ಬಂದದ್ದಲ್ಲ.

ಹಂಚಿ ಉಣ್ಣುವುದನ್ನು ಹೊಗಳುವಾಗ ನಾವು ಪೂರ್ತಿ ಸತ್ಯ ಹೇಳಬೇಕು. ಕಣದಲ್ಲಿ ರಾಶಿಯಾದಾಗ ಬಡಿಗೇರ, ಕಮ್ಮಾರ, ಕುಂಬಾರರಿಗೆ ಆಯ ಅಳೆದು ಕೊಡುತ್ತಿದ್ದರು, ನಿಜ. ಆದರೆ ಅದೇ ಕಣದಲ್ಲಿ ದೂರ ನಿಂತು ಸೆರಗು ಒಡ್ಡಬೇಕಾದವರೂ ಇದ್ದರು. ಎಳ್ಳ ಅಮಾವಾಸ್ಯೆಯ ಪಂಕ್ತಿಯಲ್ಲೂ ಕೆಲವರ ಎಲೆ ಬೇರೆ ಬದುವಿನ ಹತ್ತಿರ ಇರುತ್ತಿತ್ತು. ಅಂಥ ಹಂಚಿಕೆಯನ್ನು ಮರಳಿ ತರಬೇಕೆಂದು ನಾನು ಹೇಳುತ್ತಿಲ್ಲ. ಒಂದೇ ಸಾಲಿನಲ್ಲಿ ಕೂತು ಉಣ್ಣದಿದ್ದರೆ ಅದು ಹಂಚಿಕೆ ಅಲ್ಲ.

ಈ ಮಾತನ್ನು ಹೇಳಲು ನಮಗೆ ದೂರದ ಊರಿನ ಆಸರೆ ಬೇಕಿಲ್ಲ. ಬಸವಕಲ್ಯಾಣ ನಮ್ಮ ಪಕ್ಕದಲ್ಲೇ ಇದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಗಂಡನನ್ನು ತಡೆದು, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂದಳು. ಕಾಯಕದಿಂದ ಬಂದದ್ದರಲ್ಲಿ ದಾಸೋಹ, ಅದಕ್ಕೂ ಮಿತಿ. ಕಲಬುರಗಿಯ ಶರಣಬಸವೇಶ್ವರರು ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ಅವಕ್ಕೆ ನೀರಿಟ್ಟರು ಎಂಬ ಕಥೆಯನ್ನು ಮಕ್ಕಳೂ ಬಲ್ಲರು. ನಮ್ಮ ಹಳ್ಳಿಗಳಲ್ಲಿ ಮೊಹರಂ ಬಂದರೆ ಚೊಂಗ್ಯಾ ಎಂಬ ಸಿಹಿ ತಿನಿಸು ಹಿಂದೂ ಮನೆಗಳಲ್ಲೂ ಆಗುತ್ತದೆ, ದರ್ಗಾದ ಉರುಸಿನಲ್ಲಿ ಮಾಡುವ ಸಿಹಿ ಮಾಲ್ದಿ ಎಲ್ಲರ ಮನೆಗೂ ಹೋಗುತ್ತದೆ. ಈ ಮಣ್ಣಿನ ಮಂದಿಗೆ ಕೂಡಿ ಉಣ್ಣುವುದು ಹೊಸದಲ್ಲ. ಜಾತಿಯ ಗೆರೆ ಅಳಿಸಿ ಉಣ್ಣುವುದನ್ನು ಹೇಳಿಕೊಟ್ಟವರೂ ನಮ್ಮ ಮಣ್ಣಿನವರೇ.

ರಾಜ್ಯದ ಶಾಲೆಗಳ ಬಿಸಿಯೂಟ 2002ರಲ್ಲಿ ಮೊದಲು ಶುರುವಾದದ್ದು ಬೀದರ್, ಕಲಬುರಗಿಗಳಿದ್ದ ನಮ್ಮ ಈಶಾನ್ಯ ಜಿಲ್ಲೆಗಳಲ್ಲಿ. ಯಾದಗಿರಿ ಆಗ ಇನ್ನೂ ಜಿಲ್ಲೆ ಆಗಿರಲಿಲ್ಲ, ಕಲಬುರಗಿಯೊಳಗೇ ಇತ್ತು. ಅದಕ್ಕೆ ಇಟ್ಟ ಹೆಸರು ಅಕ್ಷರ ದಾಸೋಹ. ಮೊಟ್ಟೆ ಕೊಡುವುದನ್ನು 2021ರ ಡಿಸೆಂಬರಿನಲ್ಲಿ ಮೊದಲು ಶುರು ಮಾಡಿದ್ದೂ ಈ ಭಾಗದ ಜಿಲ್ಲೆಗಳಲ್ಲೇ. ಊರಿನ ಎಲ್ಲ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಣ್ಣುವ ಜಾಗ ಇವತ್ತು ಶಾಲೆಯ ಪಡಸಾಲೆ. ಆ ಸಾಂಬಾರಿನೊಳಗೆ ಈ ಊರಿನ ಹೊಲದ ನುಗ್ಗೆ ಸೊಪ್ಪು, ಈ ಊರಿನ ಪುಂಡಿ ಪಲ್ಯ ಬಿದ್ದರೆ ಎಷ್ಟು ಚಂದ. ಅದಕ್ಕೆ ಮೇಲಿನ ಆದೇಶ ಕಾಯಬೇಕಿಲ್ಲ. ಶಾಲಾಭಿವೃದ್ಧಿ ಸಮಿತಿಯಲ್ಲಿ ಕೂತವರು ನೀವೇ, ಅಡುಗೆ ಮಾಡುವವರು ನಿಮ್ಮ ಸಂಘದ ಅಕ್ಕಂದಿರೇ.

ಹೆಣ್ಣುಮಕ್ಕಳ ದುಡಿಮೆಯ ಮಾತು ಬಿಟ್ಟರೆ ಈ ಉಪನ್ಯಾಸ ಸುಳ್ಳಾಗುತ್ತದೆ. ದೇಸಿ ಊಟ ಚಲೋ, ದೇಸಿ ಊಟ ಚಲೋ ಅಂತ ವೇದಿಕೆ ಮೇಲೆ ಗಂಡಸರು ಹೇಳುವುದು ಸುಲಭ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ. ಎಸರು ಕಾಯಿಸಿ, ಬಿಸಿ ನೀರಿನಲ್ಲೇ ನಾದಿ, ಕೈಯಲ್ಲಿ ಬಡಿದು, ಹೊಗೆಯ ಮುಂದೆ ಕೂತು ಒಂದೊಂದಾಗಿ ಸುಡಬೇಕು. ಮನೆಯಲ್ಲಿ ಎಂಟು ಮಂದಿ ಇದ್ದರೆ ನಸುಕಿನಲ್ಲಿ ಏಳಬೇಕು, ಆಮೇಲೆ ಕೂಲಿಗೂ ಹೋಗಬೇಕು. ಕುಕ್ಕರಿನಲ್ಲಿ ಅನ್ನ ಇಟ್ಟರೆ ಆ ಹೊತ್ತು ಉಳಿಯುತ್ತದೆ. ರೊಟ್ಟಿ ಯಾಕೆ ಕಡಿಮೆಯಾಯಿತು ಅನ್ನುವವರು ಮೊದಲು ಒಲೆಯ ಮುಂದೆ ಯಾರು ಕೂತಿದ್ದಾರೆ ಎಂದು ನೋಡಬೇಕು. ಗಂಡಸರು ಹಿಟ್ಟು ನಾದಲಿ, ನೀರು ತರಲಿ, ಹೊಗೆ ಬಾರದ ಒಲೆ ತರಲಿ. ಅದೇ ರೊಟ್ಟಿಗೆ ಬೆಲೆ ಬಂದದ್ದನ್ನೂ ನೋಡಿದ್ದೇವೆ: ಜಿಲ್ಲಾಡಳಿತ 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ಸಂಘದ ಹೆಣ್ಣುಮಕ್ಕಳ ಖಡಕ್ ರೊಟ್ಟಿಯನ್ನು ಮಾರುಕಟ್ಟೆಗೆ ತಂದಿದೆ. ಮನೆಯಲ್ಲಿ ಲೆಕ್ಕಕ್ಕೇ ಬಾರದ ಕೆಲಸಕ್ಕೆ ಹೊರಗೆ ಹಣ ಬಂತು. ಆ ಜೋಳವೂ ಈ ಊರಿನದೇ ಆದರೆ ಹಣ ಇನ್ನೊಂದು ಸುತ್ತು ಇಲ್ಲೇ ತಿರುಗುತ್ತದೆ.

ಹಾಗಾದರೆ ಏನು ಮಾಡೋಣ? ಮುಂಬರುವ ಮುಂಗಾರಿಗೆ ನಾನು ಕೇಳುವುದು ಇಷ್ಟೇ. ಪ್ರತಿ ಮನೆಯೂ ಹೊಲದ ಒಂದು ಪಾಲನ್ನು ಗಡಿಗೆಗಾಗಿ ತೆಗೆದಿಡಲಿ. ಐದೆಕರೆ ಇದ್ದವರು ಒಂದೆಕರೆ ಇಡಬಹುದು. ಒಂದೆಕರೆ ಇದ್ದವರು ಬದು ಮತ್ತು ನಾಲ್ಕು ಸಾಲು ಇಟ್ಟರೂ ನಡೆಯುತ್ತದೆ. ಅಲ್ಲಿ ಹೆಸರು, ಸಜ್ಜೆ, ಎಳ್ಳು, ಅಂಚಿಗೆ ಪುಂಡಿ ಬರಲಿ. ಹಿಂಗಾರಿಗೆ ಜೋಳ, ಕುಸುಬೆ, ಕಡಲೆ. ಆ ಪಾಲಿಗೆ ಕಸದ ಎಣ್ಣೆ ಬೇಡ, ಅಲ್ಲಿ ಪಲ್ಯ ಕೀಳಲು ಯಾರೇ ಬಂದರೂ ಬೇಡ ಅನ್ನಬೇಡಿ. ಬಚ್ಚಲ ನೀರು ಹೋಗುವ ಕಡೆ ಒಂದು ನುಗ್ಗೆ, ಒಂದು ಕರಿಬೇವು.

ಬೀಜವನ್ನು ಅಂಗಡಿಯಿಂದ ತಂದರೆ ಈ ಕೆಲಸ ಒಂದೇ ವರ್ಷಕ್ಕೆ ನಿಲ್ಲುತ್ತದೆ. ಬೀಜ ಕಾಯುವ ವಿದ್ಯೆ ಇಲ್ಲಿ ಕೂತಿರುವ ಮುದುಕಿಯರ ಕೈಯಲ್ಲಿದೆ. ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ, ಬೇವಿನ ಎಲೆ ಹಾಕಿ, ಸಗಣಿ ಸಾರಿಸಿದ ಬುಟ್ಟಿಯಲ್ಲಿಟ್ಟು ಬಾಯಿ ಮೆತ್ತಬೇಕು. ಬೇಳೆಕಾಳಿಗೆ ನುಸಿ ಬೇಗ ಹತ್ತುತ್ತದೆ; ಹರಳೆಣ್ಣೆ ತೆಳುವಾಗಿ ಸವರಿದರೆ ಕಾಳಿನ ಮೇಲೆ ಅದು ಮೊಟ್ಟೆ ಇಟ್ಟು ಬೆಳೆಯುವುದು ಕಷ್ಟ. ಹುಡುಗಿಯರು ಈ ಬೇಸಿಗೆಯಲ್ಲೇ ಇದನ್ನು ಅಜ್ಜಿಯರ ಪಕ್ಕ ಕೂತು ಕಲಿಯಬೇಕು. ಹುಡುಗರೂ ಕಲಿಯಬೇಕು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನ ರೈತರೊಬ್ಬರು ಎದ್ದು, 'ತೊಗರಿಗೆ ರೊಕ್ಕ ಬರ್ತದ್ರಿ, ಈ ಸಜ್ಜಿ, ಎಳ್ಳಿಗೆ ನಾಲ್ಕು ಸಾಲು ಬಿಟ್ರ ನನಗ ಏನು ಉಳೀತದ?' ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಅವರಿಗೆ ಹೇಳಿದ್ದು: ಒಂದು ವರ್ಷ ಸಂತೆಯಿಂದ ತಂದ ಎಣ್ಣೆ, ಬೇಳೆ, ಪಲ್ಯ, ಹಿಂಡಿಯ ಕಾಳು, ದನದ ಮೇವು ಇವಕ್ಕೆ ಕೊಟ್ಟ ಹಣವನ್ನು ಮನೆಯಾಕೆಯನ್ನು ಕೇಳಿ ಬರೆದಿಡಿ. ನಾಲ್ಕು ಸಾಲಿನ ತೊಗರಿಗೆ ಬರುವ ಹಣವನ್ನು ಅದರ ಪಕ್ಕ ಬರೆಯಿರಿ. ತೊಗರಿ ಬೆಲೆ ಏರಿದ ವರ್ಷ ತೊಗರಿಯದೇ ಹೆಚ್ಚಾಗಬಹುದು, ಇಲ್ಲ ಅನ್ನುವುದಿಲ್ಲ. ನೆಟೆ ಬಂದ ವರ್ಷದ ಲೆಕ್ಕವನ್ನೂ ಅದೇ ಕಾಗದದಲ್ಲಿ ಬರೆದು ನೋಡಿ, ಆಮೇಲೆ ತೀರ್ಮಾನ ನಿಮ್ಮದು.

ಎರಡನೆಯ ಪ್ರಶ್ನೆ ಕೇಳಿದವರು ಒಬ್ಬ ಹಿರಿಯ ತಾಯಿ: 'ಹೊಲಾನೇ ಇಲ್ಲದವರು ಏನು ಮಾಡಬೇಕ್ರಿ?' ಇದಕ್ಕೆ ನನ್ನದೇ ಉತ್ತರಕ್ಕಿಂತ ದೊಡ್ಡ ಉತ್ತರವನ್ನು ಮಾಡಿ ತೋರಿಸಿದವರಿದ್ದಾರೆ. ಹುಮನಾಬಾದಿನಿಂದ ಹೈದರಾಬಾದ್ ರಸ್ತೆ ಹಿಡಿದು ಗಡಿ ದಾಟಿದರೆ ಜಹೀರಾಬಾದ್. ಅಲ್ಲಿ 1983ರಲ್ಲಿ ಶುರುವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಜೊತೆ ಸೇರಿ ದಲಿತ ಹೆಣ್ಣುಮಕ್ಕಳ ಸಂಘಗಳು ಹೊಲಗಳನ್ನು ಗುತ್ತಿಗೆಗೆ ಹಿಡಿದು ಕೂಡಿ ಬೇಸಾಯ ಮಾಡಿದವು. ಬೀಳು ಬಿದ್ದ ಹೊಲ ಉತ್ತು ಬಿತ್ತಲು ಸಾಲ ಕೊಟ್ಟು, ಆ ಸಾಲವನ್ನು ಹಣದಲ್ಲಲ್ಲ, ಜೋಳದಲ್ಲಿ ತೀರಿಸುವ ವ್ಯವಸ್ಥೆ ಮಾಡಿಕೊಂಡರು. ಆ ಜೋಳ ಊರಿನಲ್ಲೇ ಉಳಿಯಿತು. ಮಳೆಗಾಲದಲ್ಲಿ ಕೂಲಿ ಇಲ್ಲದ, ಮನೆಯಲ್ಲಿ ಕಾಳು ಮುಗಿದ ಹೊತ್ತಿಗೆ ಯಾರು ಹೆಚ್ಚು ಬಡವರು ಎಂದು ಊರಿನವರೇ ಗುರುತು ಮಾಡಿ ಅವರಿಗೆ ಅಗ್ಗದ ದರದಲ್ಲಿ ಕೊಟ್ಟರು. ಓದು ಬರಹ ಬಾರದ ಆ ತಾಯಂದಿರ ಬುಟ್ಟಿಗಳಲ್ಲಿ ಹತ್ತಾರು ಜಾತಿಯ ಬೀಜಗಳಿವೆ. ಅವರ ಸಂಸ್ಥೆಗೆ 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಅವರದೂ ನಮ್ಮದೇ ದಖ್ಖನ್ನಿನ ಒಣ ಬೇಸಾಯ, ಅವರದೂ ಜೋಳ, ತೊಗರಿ, ಪುಂಡಿ.

ಪ್ರಶ್ನೆ ಕೇಳಿದ ತಾಯಿ ಮತ್ತೆ ಎದ್ದು, ಈ ಊರಿನಲ್ಲೂ ಪಟ್ಟಣಕ್ಕೆ ಹೋದವರ ಹೊಲಗಳು ಬಿತ್ತದೆ ಬಿದ್ದಿವೆ ಎಂದು ಒಂದೊಂದಾಗಿ ಹೆಸರು ಹೇಳತೊಡಗಿದರು. ಸಂಘದ ಕಾರ್ಯದರ್ಶಿ ಬರೆದುಕೊಂಡರು. ಯಾರ ಹೊಲ, ಎಷ್ಟು ಎಕರೆ, ಯಾರನ್ನು ಕೇಳಬೇಕು ಎಂಬ ಚರ್ಚೆ ಕತ್ತಲಾಗುವವರೆಗೆ ನಡೆಯಿತು. ಮೂರು ಹೊಲಗಳ ಮಾಲೀಕರಿಗೆ ಅಮಾವಾಸ್ಯೆಗೆ ಊರಿಗೆ ಬಂದಾಗಲೇ ಮಾತಾಡುವುದು ಎಂದು ಗೊತ್ತು ಮಾಡಿ ಸಭೆ ಮುಗಿಸಿದರು.